ನಾಲ್ಕು ಮರಿಯಿಂದ ಹಂದಿ ಸಾಕಣೆ

ಹಂದಿ ಸಾಕಣೆಗೆ ಎರಡು ದಾರಿಗಳಿವೆ: ಹೆಣ್ಣು ಹಂದಿ ಇಟ್ಟುಕೊಂಡು ಮರಿ ಮಾರುವುದು, ಇಲ್ಲವೇ ಹಾಲು ಬಿಟ್ಟ ಮರಿ ತಂದು ಬೆಳೆಸಿ ಮಾರುವುದು. ಯಲಹಂಕ, ಹೆಸರಘಟ್ಟದ ಸುತ್ತ ಹತ್ತಿಪ್ಪತ್ತು ಗುಂಟೆಯಲ್ಲಿ ಹೊಸದಾಗಿ ಕೈಹಾಕುವವರಿಗೆ ಎರಡನೆಯದೇ ಸರಿ. ಎರಡು ತಿಂಗಳ ಮರಿ ಇನ್ನಾರು ತಿಂಗಳಲ್ಲಿ 80–90 ಕಿಲೋ ತೂಗುತ್ತದೆ. ಹೆಣ್ಣು ಹಂದಿಯಾದರೆ ಎಂಟು ತಿಂಗಳಿಗೆ ಬೆದೆ ನೋಡಿ ಕಟ್ಟಿಸಬೇಕು, 114 ದಿನ ಗರ್ಭ ಕಾಯಬೇಕು, ಆಮೇಲೆ ಮರಿ ತಾಯಿಯಡಿ ಸಿಕ್ಕಿ ಸಾಯದಂತೆ ನೋಡಿಕೊಳ್ಳಬೇಕು. ರಾಷ್ಟ್ರೀಯ ಜಾನುವಾರು ಮಿಷನ್‌ನ ಶೇ 50ರ ಸಹಾಯಧನ ದೊಡ್ಡ ಘಟಕಗಳಿಗೆ ರೂಪಿಸಿದ್ದು. ನಾಲ್ಕು ಮರಿಯವರು ಅದನ್ನು ನಂಬಿ ಸಾಲ ಮಾಡಬಾರದು.

ಲಾರ್ಜ್ ವೈಟ್ ಯಾರ್ಕ್‌ಷೈರ್, ಲ್ಯಾಂಡ್ರೇಸ್ ಅಥವಾ ಇವುಗಳ ಮಿಶ್ರತಳಿ ಸಾಕು. ಮರಿಗಳೆಲ್ಲ ಒಂದೇ ಫಾರಂನವು ಇರಲಿ. ಗಂಡು ಮರಿಗೆ ಬೀಜ ತೆಗೆಸಿರಬೇಕು, ಇಲ್ಲದಿದ್ದರೆ ಬಲಿತ ಮೇಲೆ ಮಾಂಸ ನಾರುತ್ತದೆ.

ಗೂಡಿಗೆ ಒರಟು ಸಿಮೆಂಟ್ ನೆಲ, ಇಳಿಜಾರು, ತಲೆಗೆ ಒಂದು ಚದರ ಮೀಟರಿಗೆ ಕಡಿಮೆಯಿಲ್ಲದ ಜಾಗ ಬೇಕು. ಮರಿ ಬಿಡುವ ಮೊದಲು ಒಂದು ಮೂಲೆಗೆ ನೀರು ಹಾಕಿ ಒದ್ದೆ ಮಾಡಿದರೆ ಅವು ಅಲ್ಲೇ ಲದ್ದಿ ಹಾಕಿ, ಉಳಿದ ಕಡೆ ಒಣಗಿದ ನೆಲದಲ್ಲಿ ಮಲಗುತ್ತವೆ. ಹಂದಿ ಗಲೀಜು ಪ್ರಾಣಿ ಎಂಬ ಮಾತು ಅಲ್ಲಿಗೆ ಸುಳ್ಳಾಗುತ್ತದೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಲದ್ದಿಯ ಮೇಲೆ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದರೆ ಮೈಮೇಲೆ ನೀರು ಬೀಳಬೇಕು ಎಂದರ್ಥ.

ಖರ್ಚಿನ ಬಹುಪಾಲು ಮೇವಿನದು. ಜೋಳ, ಬೂಸಾ, ಹಿಂಡಿ ಎಲ್ಲವನ್ನೂ ಕೊಂಡು ಹಾಕಿದರೆ ಲಾಭ ತೆಳ್ಳಗಾಗುತ್ತದೆ. ಹೀಗಾಗಿ ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರದಂಥ ಕಡೆಯ ಹೋಟೆಲು, ಹಾಸ್ಟೆಲುಗಳ ಮುಸುರೆಯೇ ನಗರದಂಚಿನ ಸಾಕಣೆಗೆ ಆಸರೆ. ಡ್ರಮ್ಮಿಗೆ ಕೈಹಾಕಿ ಹಲ್ಲುಕಡ್ಡಿ, ಹಾಲಿನ ಕವರು, ಮೂಳೆ ತೆಗೆಯಬೇಕು. ಉಪ್ಪಿನಕಾಯಿ, ಹಪ್ಪಳ ಹೆಚ್ಚಾದ ದಿನ ಕುಡಿಯುವ ನೀರು ಕಡಿಮೆ ಬಿದ್ದರೆ ಉಪ್ಪಿನ ವಿಷವೇರಿ ಹಂದಿ ತಲೆತಿರುಗಿ ಬೀಳುತ್ತದೆ. ಮುಸುರೆಯಲ್ಲಿ ಅನ್ನವೇ ಹೆಚ್ಚು, ಪ್ರೋಟೀನು ಕಡಿಮೆ. ಮರಿಗಳಿಗಂತೂ ಹಿಂಡಿ, ಖನಿಜ ಮಿಶ್ರಣ ಸೇರಿಸಲೇಬೇಕು.

ಮುಸುರೆಯನ್ನು ಕುದಿಸದೆ ಹಾಕಬಾರದು. ಕುದಿ ಬಂದ ಮೇಲೂ ತಿರುವುತ್ತಾ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಬೇಯಬೇಕು. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ 2022ರಲ್ಲಿ ವಯನಾಡಿಗೂ ಬಂತು. ಸೋಂಕಿದ ಹಂದಿಮಾಂಸದ ಒಂದು ಚೂರು ಮುಸುರೆಯಲ್ಲಿದ್ದರೂ ಈ ರೋಗ ಹಬ್ಬಬಲ್ಲದು. ಮನುಷ್ಯರಿಗೆ ಅಂಟದು, ಹಂದಿಗೆ ಮದ್ದೂ ಇಲ್ಲ, ನಮ್ಮಲ್ಲಿ ಲಸಿಕೆಯೂ ಇಲ್ಲ. ಮಾಮೂಲಿ ಹಂದಿ ಜ್ವರ ಬೇರೆ, ಅದಕ್ಕೆ ಲಸಿಕೆಯಿದೆ, ಹಾಕಿಸಬೇಕು. ಒಟ್ಟೊಟ್ಟಿಗೆ ಸತ್ತರೆ ಹೂಳುವ ಮೊದಲೇ ಪಶುವೈದ್ಯರಿಗೆ ತಿಳಿಸಬೇಕು. ರೋಗ ಪತ್ತೆಗೆ ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜು, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎರಡೂ ಇವೆ.

ಮಾರಾಟದಲ್ಲಿ ಈ ಭಾಗಕ್ಕೆ ಮಾತ್ರ ಇರುವ ತೊಡಕೊಂದುಂಟು. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ವೇಳೆ, ಹದ್ದುಗಳ ಕಾಟ ತಪ್ಪಿಸಲೆಂದು ಸುತ್ತಲಿನ ಮಾಂಸದಂಗಡಿ ಮುಚ್ಚಿಸುತ್ತಾರೆ: 2023ರಲ್ಲಿ 10 ಕಿಲೋಮೀಟರ್, 2025ರಲ್ಲಿ 13 ಕಿಲೋಮೀಟರ್ ಒಳಗೆ, ಜನವರಿ ಕೊನೆಯಿಂದ ಮೂರು ವಾರಕ್ಕೂ ಹೆಚ್ಚು. ಬಲಿತ ಹಂದಿ ಆ ಮೂರು ವಾರದಲ್ಲಿ ಐವತ್ತು ಕಿಲೋಗೂ ಮೀರಿ ಮೇವು ತಿಂದು ಹೆಚ್ಚಾಗಿ ಕೊಬ್ಬನ್ನೇ ಬೆಳೆಸಿಕೊಳ್ಳುತ್ತದೆ. ಹಿಂದಿನ ವರ್ಷದ ಜೂನ್ ಆರಂಭದಲ್ಲೇ ಮರಿ ತಂದರೆ ಕ್ರಿಸ್‌ಮಸ್ ಮಾರಾಟಕ್ಕೆ ತೂಕಕ್ಕೆ ಬಂದಿರುತ್ತವೆ.