ಹಿಂದಿನ ಸಾಲಿನ ಮಗು

ಬೆಳಗಾವಿ ಜಿಲ್ಲೆಯ ಸಮೃದ್ಧಿಗೆ ಕಾರಣವಾದ ನದಿಗಳಲ್ಲಿ ಘಟಪ್ರಭೆಯೂ ಒಂದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಈ ನದಿಗೆ ಅಣೆಕಟ್ಟನ್ನು ಕಟ್ಟಲಾಗಿದೆ. ಅಲ್ಲಿಂದ ಮುಂದೆ ಹರಿದು, ಗೋಕಾಕದ ಸಮೀಪದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಅದು ಧುಮುಕುತ್ತದೆ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿಯು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಭಾಗಗಳು. ಇಲ್ಲಿಯ ರೈತನು ತನ್ನ ಹೊಲದ ಎಲ್ಲ ಮಡಿಗಳಿಗೂ ಒಂದೇ ಅಳತೆಯಲ್ಲಿ ನೀರು ಹಾಯಿಸುವುದಿಲ್ಲ. ಎರೆ ಭೂಮಿಗೆ ಒಂದು ಕ್ರಮ, ಮಸಾರಿ ಭೂಮಿಗೆ ಇನ್ನೊಂದು ಕ್ರಮ. ಮಣ್ಣಿನ ಗುಣವನ್ನೂ ಬೆಳೆಯ ವಯಸ್ಸನ್ನೂ ನೋಡಿ ಅವನು ನೀರು ತಿರುವುತ್ತಾನೆ. ಮಕ್ಕಳ ವಿದ್ಯೆಗೂ ಈ ಮಾತು ಸಲ್ಲುತ್ತದೆ.

ಈ ಭಾಗದ ಪ್ರಾಥಮಿಕ ಶಾಲೆಯ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಬಹುದು. ಮಹಾರಾಷ್ಟ್ರದ ಗಡಿಯು ಹತ್ತಿರವಿರುವುದರಿಂದ ಅಲ್ಲಿ ಮನೆಯಲ್ಲಿ ಮರಾಠಿಯನ್ನಾಡುವ ಮಕ್ಕಳಿರುತ್ತಾರೆ; ಉರ್ದು ಮಾತನಾಡುವವರೂ ಇರುತ್ತಾರೆ. ಕಬ್ಬಿನ ಕಟಾವಿನ ಕಾಲದಲ್ಲಿ ತಾಯಿತಂದೆಯರೊಡನೆ ಊರೂರು ಅಲೆದು, ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡು ಬಂದ ಮಗುವೂ ಅವರೊಳಗೆ ಕುಳಿತಿರಬಹುದು. ಒಬ್ಬನಿಗೆ ಕರಿಹಲಗೆಯ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಇನ್ನೊಬ್ಬಳಿಗೆ ಕಿವಿ ಮಂದ. ಮತ್ತೊಬ್ಬನು ಲೆಕ್ಕದಲ್ಲಿ ಚುರುಕು, ಓದಿನಲ್ಲಿ ನಿಧಾನ. ಪಾಠ ಒಂದೇ, ಗುರುಗಳು ಒಬ್ಬರೇ, ಗಂಟೆ ಬಾರಿಸುವ ಹೊತ್ತೂ ಒಂದೇ. ಮುಂದಿನ ಸಾಲಿನವರು ಉತ್ತರ ಹೇಳಿದೊಡನೆ ಪಾಠವು ಮುಂದಕ್ಕೆ ಸಾಗುತ್ತದೆ. ತಿಳಿಯದ ಮಗು ಹಿಂದಿನ ಸಾಲಿನಲ್ಲಿ ಮೌನವಾಗಿ ಉಳಿಯುತ್ತದೆ. ಕೆಲವು ತಿಂಗಳುಗಳಲ್ಲಿ ಅದು 'ನಾನು ದಡ್ಡ' ಎಂದು ನಂಬಿಬಿಡುತ್ತದೆ. ಲೆಕ್ಕ ತಪ್ಪಿದರೆ ತಿದ್ದಬಹುದು. ಈ ನಂಬಿಕೆಯನ್ನು ತಿದ್ದುವುದು ಬಲು ಕಷ್ಟ.

ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಕಲಿಯಬೇಕೆಂಬ ವಿಚಾರವು ಕರ್ನಾಟಕಕ್ಕೆ ಯಂತ್ರದ ಮೂಲಕ ಬಂದುದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯು ಈ ತತ್ತ್ವವನ್ನೇ ಆಧರಿಸಿತ್ತು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಅದರಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳನ್ನಾಗಿ ವಿಂಗಡಿಸಿ, ಪ್ರತಿ ಮೆಟ್ಟಿಲಿಗೂ ಚಿತ್ರದ ಕಾರ್ಡುಗಳನ್ನು ಮಾಡಲಾಗಿದೆ. ಮಗುವು ಒಂದು ಮೆಟ್ಟಿಲನ್ನು ಏರಿದ ಬಳಿಕವೇ ಮುಂದಿನದಕ್ಕೆ ಹೋಗುತ್ತದೆ. ಒಬ್ಬರಿಗೆ ಗುರುವಿನ ಪೂರ್ಣ ನೆರವು, ಇನ್ನೊಬ್ಬರಿಗೆ ಸಹಪಾಠಿಯ ನೆರವು, ಮತ್ತೊಬ್ಬರಿಗೆ ಸ್ವಂತ ಅಭ್ಯಾಸ. ಕಲಿಕೆಯ ತಂತ್ರಾಂಶವು ಈ ಕಾರ್ಡುಗಳ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಒಂದು ಪ್ರಯತ್ನವೆಂದು ತಿಳಿಯಬಹುದು.

ಈ ಪ್ರಯತ್ನಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ 'ಪ್ಲೇಟೊ' ಎಂಬ ವ್ಯವಸ್ಥೆಯು ಗಣಕಯಂತ್ರದ ಮೂಲಕ ಪಾಠ ಹೇಳತೊಡಗಿತು. 1967ರಲ್ಲಿ ಸೇಮೂರ್ ಪೇಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ 'ಲೋಗೊ' ಎಂಬ ಭಾಷೆಯನ್ನು ರೂಪಿಸಿದರು. ಯಂತ್ರವು ಮಗುವನ್ನು ನಡೆಸಬಾರದು, ಮಗುವೇ ಯಂತ್ರವನ್ನು ನಡೆಸಬೇಕೆಂಬುದು ಪೇಪರ್ಟರ ನಿಲುವಾಗಿತ್ತು. ಭಾರತ ಸರ್ಕಾರವು 1984ರಲ್ಲಿ ಕೆಲವು ಆಯ್ದ ಶಾಲೆಗಳಲ್ಲಿ ಗಣಕ ಶಿಕ್ಷಣದ ಯೋಜನೆಯನ್ನು ಕೈಗೊಂಡಿತು. ಆದರೆ ಕನ್ನಡದ ಮಗುವಿಗೆ ಯಂತ್ರವು ಹತ್ತಿರವಾಗಬೇಕಾದರೆ ಮೊದಲು ಅದು ಕನ್ನಡವನ್ನು ಕಲಿಯಬೇಕಾಗಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ 'ಬರಹ', 'ನುಡಿ' ಮುಂತಾದ ತಂತ್ರಾಂಶಗಳೂ ಈ ದಾರಿಯನ್ನು ಸುಗಮಗೊಳಿಸಿದವು.

2004ರ ಸೆಪ್ಟೆಂಬರ್ 20ರಂದು ಹಾರಿಸಲಾದ 'ಎಜುಸ್ಯಾಟ್' ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಪ್ರಸಾರ ಮಾಡಲಾಯಿತು. ಉತ್ತಮ ಪಾಠವು ದೂರದ ಹಳ್ಳಿಗೂ ತಲುಪಬಹುದೆಂದು ಇದರಿಂದ ತಿಳಿದುಬಂದಿತು. ಆದರೆ ಪ್ರಸಾರಕ್ಕೆ ಒಂದು ಮಿತಿಯುಂಟು. ಅದು ಎಲ್ಲರಿಗೂ ಒಂದೇ ವೇಗದಲ್ಲಿ ಸಾಗುತ್ತದೆ. ಒಂದು ಮಗುವಿಗೆ ತಿಳಿಯಲಿಲ್ಲವೆಂದು ನಿಲ್ಲುವುದಿಲ್ಲ. ಕಲಿಕೆಯ ತಂತ್ರಾಂಶವಾದರೋ ನಿಲ್ಲಬಲ್ಲುದು. ಇದೇ ಅದರ ಮುಖ್ಯ ಗುಣ.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. 63ರಿಂದ 28ನ್ನು ಕಳೆಯಬೇಕಾಗಿದೆ. ಒಂದು ಮಗು 45 ಎಂದು ಬರೆಯುತ್ತದೆ. ಸರಿಯಾದ ಉತ್ತರ 35. ಈ ತಪ್ಪು ಅಜಾಗರೂಕತೆಯಿಂದ ಆದುದಲ್ಲ. ಮೂರರಿಂದ ಎಂಟನ್ನು ಕಳೆಯಲು ಬಾರದೆಂದು ಮಗು ಎಂಟರಿಂದ ಮೂರನ್ನು ಕಳೆದಿದೆ. ಅದಕ್ಕೆ ಕಳೆಯುವುದು ಗೊತ್ತು. ಹತ್ತರ ಒಂದು ಕಟ್ಟನ್ನು ಬಿಚ್ಚಿ ಬಿಡಿಗಳನ್ನಾಗಿ ಮಾಡುವುದು ಗೊತ್ತಿಲ್ಲ. ಕೆಂಪು ಗುರುತು ಹಾಕಿ 'ತಪ್ಪು' ಎಂದಷ್ಟೇ ಹೇಳುವ ತಂತ್ರಾಂಶದಿಂದ ಇಂಥ ಮಗುವಿಗೆ ಯಾವ ಪ್ರಯೋಜನವೂ ಇಲ್ಲ. ಒಳ್ಳೆಯ ತಂತ್ರಾಂಶವು ಇಂತಹ ತಪ್ಪು ಮರುಕಳಿಸುವುದನ್ನು ಗುರುತಿಸಿ, ಆರು ಕಟ್ಟುಗಳನ್ನೂ ಮೂರು ಬಿಡಿ ಕಡ್ಡಿಗಳನ್ನೂ ಪರದೆಯ ಮೇಲೆ ತೋರಿಸುತ್ತದೆ. ಒಂದು ಕಟ್ಟನ್ನು ಮಗುವಿನ ಕೈಯಿಂದಲೇ ಬಿಚ್ಚಿಸುತ್ತದೆ. ಹತ್ತು ಸಲ ತಪ್ಪಿದರೂ ಅದು ಬೇಸರಗೊಳ್ಳುವುದಿಲ್ಲ. ಪಕ್ಕದವರು ನಗುವ ಭಯವೂ ಅಲ್ಲಿಲ್ಲ. ಬೆಂಗಳೂರಿನ ಅಕ್ಷರ ಫೌಂಡೇಷನ್ ಎಂಬ ಸಂಸ್ಥೆಯು 'ಬಿಲ್ಡಿಂಗ್ ಬ್ಲಾಕ್ಸ್' ಎಂಬ ಗಣಿತದ ಆಟಗಳ ತಂತ್ರಾಂಶವನ್ನು ಕನ್ನಡದಲ್ಲಿಯೂ ಉಚಿತವಾಗಿ ಒದಗಿಸಿದೆ. ಶಾಲೆಯ ಪಠ್ಯಕ್ರಮಕ್ಕೆ ಹೊಂದಿಕೊಂಡಿರುವ ಈ ಆಟಗಳನ್ನು ಸಾಮಾನ್ಯ ಮೊಬೈಲಿನಲ್ಲಿಯೂ ಆಡಬಹುದು.

ಓದುವುದರಲ್ಲಿ ಹಿಂದುಳಿದವರಿಗೂ ತಂತ್ರಾಂಶವು ನೆರವಾಗುತ್ತದೆ. ಪದವನ್ನು ಮುಟ್ಟಿದೊಡನೆ ಅದು ಉಚ್ಚಾರಗೊಂಡರೆ, ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಮಗುವಿಗೆ ಕನ್ನಡದ ಧ್ವನಿಯೂ ಲಿಪಿಯೂ ಒಟ್ಟಿಗೆ ದೊರೆಯುತ್ತವೆ. 2015ರಲ್ಲಿ ಆರಂಭವಾದ 'ಸ್ಟೋರಿವೀವರ್' ಎಂಬ ಜಾಲತಾಣದಲ್ಲಿ ಕನ್ನಡ, ಮರಾಠಿ, ಉರ್ದು ಮೊದಲಾದ ಅನೇಕ ಭಾಷೆಗಳ ಸಚಿತ್ರ ಕಥೆಗಳು ಉಚಿತವಾಗಿ ದೊರೆಯುತ್ತವೆ. ಅಕ್ಷರಗಳನ್ನು ದೊಡ್ಡದಾಗಿಸಿಕೊಳ್ಳುವ ಸೌಕರ್ಯವು ದೃಷ್ಟಿ ಮಂದವಿರುವವರಿಗೆ ವರದಾನ. ಚಿತ್ರದ ಕೆಳಗೆ ಮೂಡುವ ಬರಹವು ಕಿವಿ ಕೇಳದವರಿಗೆ ಮಾತಿನ ಸ್ಥಾನವನ್ನು ತುಂಬುತ್ತದೆ. ಆಸ್ಟ್ರೇಲಿಯದ ಮೈಕೇಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ತರುಣರ ಸಾಹಸವನ್ನು ಇಲ್ಲಿ ನೆನೆಯಬೇಕು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳು ಬಡವರ ಕೈಗೆಟುಕದಷ್ಟು ದುಬಾರಿಯಾಗಿದ್ದ ಕಾಲವದು. ಕರನ್ ಅವರು 2006ರಲ್ಲಿ 'ಎನ್‌ವಿಡಿಎ' ಎಂಬ ತಂತ್ರಾಂಶದ ನಿರ್ಮಾಣಕ್ಕೆ ತೊಡಗಿದರು. ಟೆ ಅವರು ಜೊತೆಗೂಡಿದರು. ಅವರು ಅದನ್ನು ಜಗತ್ತಿಗೆ ಉಚಿತವಾಗಿ ಕೊಟ್ಟರು. ಇಂದು ಅದು ಕನ್ನಡದ ಬರಹವನ್ನೂ ಓದಬಲ್ಲುದು. ತಮ್ಮ ಕೊರತೆಯನ್ನು ಬಲ್ಲವರೇ ಇತರರ ಕೊರತೆಯನ್ನು ನೀಗಿಸಲು ಮುಂದಾದರೆಂಬುದು ಸ್ಮರಣೀಯ.

ಇಷ್ಟಾದರೂ ಯಂತ್ರವೇ ಗುರುವಾಗಲಾರದು. ಅದರ ಮಿತಿಗಳನ್ನು ಅರಿಯದೆ ಬಳಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ತಂತ್ರಾಂಶವು ಪರದೆಯ ಮೇಲೆ 'ಈರುಳ್ಳಿ' ಎಂದು ಬರೆದು ಚಿತ್ರವನ್ನು ಗುರುತಿಸಲು ಹೇಳಬಹುದು. ಗೋಕಾಕದ ಮಗು ಬಲ್ಲುದು 'ಉಳ್ಳಾಗಡ್ಡಿ'ಯನ್ನು. 'ಮೊಟ್ಟೆ' ಅದರ ಮನೆಯಲ್ಲಿ 'ತತ್ತಿ'. ಮಗುವಿಗೆ ವಸ್ತು ಗೊತ್ತು, ಆ ಹೆಸರು ಗೊತ್ತಿಲ್ಲ. ಯಂತ್ರವು ಇದನ್ನು ತಪ್ಪೆಂದು ಎಣಿಸುತ್ತದೆ. ಗುರುಗಳು ಮಾತ್ರ ಎರಡು ಮಾತುಗಳನ್ನೂ ಹಲಗೆಯ ಮೇಲೆ ಬರೆದು, ಮನೆಯ ನುಡಿಯಿಂದ ಪುಸ್ತಕದ ನುಡಿಗೆ ಸೇತುವೆ ಕಟ್ಟಬಲ್ಲರು. ಪರದೆಯ ಮೇಲಿನ ಹಣ್ಣುಗಳಿಗೆ ಬದಲಾಗಿ ಗೋಕಾಕದ ಕುಶಲಕರ್ಮಿಗಳು ಮಾಡುವ ಮರದ ಹಣ್ಣುಗಳನ್ನೇ ಕೈಗೆ ಕೊಟ್ಟು ಎಣಿಸಲು ಹೇಳಬಹುದು. ಕರದಂಟಿನ ಒಂದು ತುಂಡನ್ನು ಸಮನಾಗಿ ನಾಲ್ಕು ಭಾಗ ಮಾಡಿದರೆ ಕಾಲುಭಾಗವೆಂದರೇನೆಂಬುದು ಯಾರಿಗೂ ಮರೆಯದು.

ಇನ್ನೂ ಕೆಲವು ತೊಡಕುಗಳಿವೆ. ಮಗುವು ವಿಚಾರಿಸದೆ ಒಂದಾದ ಮೇಲೊಂದು ಉತ್ತರವನ್ನು ಒತ್ತುತ್ತ ಹೋದರೂ ಕೊನೆಗೆ ಸರಿಯುತ್ತರ ದೊರೆಯುತ್ತದೆ. ಯಂತ್ರವು ಚಪ್ಪಾಳೆಯ ಸದ್ದು ಮಾಡುತ್ತದೆ. ಆದುದರಿಂದ ಪರದೆಯಲ್ಲಿ ಮಾಡಿದ ಲೆಕ್ಕವನ್ನು ಪಾಟಿಯ ಮೇಲೆ ಮತ್ತೊಮ್ಮೆ ಮಾಡಿಸಿ, 'ಹೇಗೆ ಮಾಡಿದೆ?' ಎಂದು ಕೇಳುವುದು ಅವಶ್ಯಕ. ಒಂದು ಯಂತ್ರಕ್ಕೆ ಮೂವರು ಮಕ್ಕಳಿದ್ದರೆ ಧೈರ್ಯಸ್ಥನ ಕೈಯೇ ಮುಂದಾಗುತ್ತದೆ. ಅಂಜುವ ಮಗು ಇಲ್ಲಿಯೂ ಹಿಂದಿನ ಸಾಲನ್ನೇ ಸೇರುತ್ತದೆ. ಸರದಿಯನ್ನು ಗೊತ್ತುಮಾಡದಿದ್ದರೆ ಹೊಸ ಸಾಧನವು ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತಾಗುತ್ತದೆ. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಈ ಸತ್ಯವು ಎಲ್ಲರ ಕಣ್ಣಿಗೂ ಬಿದ್ದಿತು. ಮೊಬೈಲ್ ಇದ್ದ ಮನೆಗೆ ಪಾಠ ತಲುಪಿತು. ಇಲ್ಲದ ಮನೆಗೆ ತಲುಪಲಿಲ್ಲ. ಆಗ 'ವಿದ್ಯಾಗಮ' ಯೋಜನೆಯಂತೆ ರಾಜ್ಯದ ಶಿಕ್ಷಕರು ತಾವೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಹೇಳಿದರು. ಯಂತ್ರವು ಹೋಗಲಾರದ ಓಣಿಗೆ ಗುರುಗಳು ನಡೆದು ಹೋದರು.

ಸಾರಾಂಶವಿಷ್ಟೆ: ಯಂತ್ರವು ಕಾಯಬಲ್ಲುದು, ಆದರೆ ಮಗುವಿನ ಮುಖವನ್ನು ಓದಲಾರದು. ಹಸಿವಿನಿಂದ ಬಾಡಿದ ಮಗು ಯಾವುದು, ಪಾಠ ತಿಳಿಯದೆ ಬಾಡಿದ ಮಗು ಯಾವುದು ಎಂಬುದನ್ನು ಗುರುವಿನ ಕಣ್ಣು ಕಾಣಬಲ್ಲುದು. ಆದರೆ ಒಂದೇ ಹೊತ್ತಿನಲ್ಲಿ ಎಲ್ಲ ಮಕ್ಕಳ ಬಳಿಯೂ ಕೂರಲು ಗುರುವಿಗೆ ಸಾಧ್ಯವಿಲ್ಲ. ಹತ್ತು ಮಕ್ಕಳು ತಂತ್ರಾಂಶದೊಡನೆ ಅಭ್ಯಾಸದಲ್ಲಿ ತೊಡಗಿದಾಗ ದೊರೆಯುವ ಬಿಡುವಿನಲ್ಲಿ ಗುರುಗಳು ಹನ್ನೊಂದನೆಯ ಮಗುವಿನ ಪಕ್ಕದಲ್ಲಿ ಕುಳಿತರೆ, ಆಗ ಯಂತ್ರವು ಸಾರ್ಥಕವಾಯಿತೆನ್ನಬಹುದು.

ಫ್ರಾನ್ಸಿನ ಬ್ರೂನೋ ಕೂದುವಾಂ ಎಂಬವರು 2000ದಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಉಚಿತ ತಂತ್ರಾಂಶವನ್ನು ರಚಿಸಿ, ಅದಕ್ಕೆ 'ಜಿಕಾಂಪ್ರಿ' ಎಂದು ಹೆಸರಿಟ್ಟರು. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿನ ಧ್ವನಿಗೆ 'ನನಗೆ ತಿಳಿಯಿತು' ಎಂಬ ಅರ್ಥ ಬರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಲ್ಲಿಯೂ ಎಲ್ಲ ಸಾಧನಗಳ ಗುರಿಯು ಇದೇ ಒಂದು ಮಾತು. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಮಗು ಒಂದು ದಿನ ತಲೆಯೆತ್ತಿ ಆ ಮಾತನ್ನು ತನ್ನ ನುಡಿಯಲ್ಲಿ ಹೇಳುವಂತಾಗಬೇಕು.

ಅಭ್ಯಾಸ

1. 'ಲೆಕ್ಕ ತಪ್ಪಿದರೆ ತಿದ್ದಬಹುದು. ಈ ನಂಬಿಕೆಯನ್ನು ತಿದ್ದುವುದು ಬಲು ಕಷ್ಟ.' ಇಲ್ಲಿ ಹೇಳಿರುವ ನಂಬಿಕೆ ಯಾವುದು? ಅದು ಹೇಗೆ ಹುಟ್ಟುತ್ತದೆ?
2. ಉಪಗ್ರಹದ ಪಾಠಕ್ಕೂ ಕಲಿಕೆಯ ತಂತ್ರಾಂಶಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. 63ರಿಂದ 28ನ್ನು ಕಳೆಯುವಾಗ ಮಗು ಮಾಡಿದ ತಪ್ಪಿನ ಕಾರಣವೇನು?
4. ರೈತನು ನೀರು ಹಾಯಿಸುವ ಕ್ರಮಕ್ಕೂ ಗುರುಗಳು ಪಾಠ ಹೇಳುವ ಕ್ರಮಕ್ಕೂ ಇರುವ ಸಾಮ್ಯವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
5. ನಿಮ್ಮ ಮನೆಯ ಮಾತಿನಲ್ಲಿ ಒಂದು ಬಗೆಯಾಗಿಯೂ ಪುಸ್ತಕದಲ್ಲಿ ಇನ್ನೊಂದು ಬಗೆಯಾಗಿಯೂ ಇರುವ ಹತ್ತು ಹೆಸರುಗಳನ್ನು ಪಟ್ಟಿಮಾಡಿರಿ.