ಯಂತ್ರಮಾನವನೂ ನಮ್ಮ ತೋಟವೂ



ಅಡಿಕೆ ಗೊನೆ ಇಳಿಸುವ ಕಾಲ ಬಂತೆಂದರೆ ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಮರ ಹತ್ತುವವರು ಸಿಕ್ಕರೇ? ಈ ಕಸುಬನ್ನು ಹೊಸಬರು ಕಲಿಯುತ್ತಿಲ್ಲ, ಕಲಿತವರಿಗೆ ವಯಸ್ಸಾಗುತ್ತಿದೆ. ಮರದಿಂದ ಜಾರಿ ಬಿದ್ದು ನಡು ಮುರಿದುಕೊಂಡವರ ಸಂಕಟವನ್ನು ನಾವೆಲ್ಲ ಬಲ್ಲೆವು. ಇಂಥ ಹೊತ್ತಿನಲ್ಲಿ, ಇನ್ನು ಮುಂದೆ ಎಲ್ಲ ಕೆಲಸವನ್ನೂ ರೋಬೋಟ್ ಮಾಡುತ್ತದಂತೆ ಎಂಬ ಸುದ್ದಿ ಸಂತೆಯಲ್ಲೂ ಬಸ್ಸಿನಲ್ಲೂ ಕೇಳಿಬರುತ್ತಿದೆ. ಇದರಲ್ಲಿ ನಿಜವೆಷ್ಟು, ನಮ್ಮ ತೋಟಕ್ಕೆ ಅನ್ವಯಿಸುವುದೆಷ್ಟು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ರೋಬೋಟ್ ಎಂದರೇನು?

1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ ನಾಟಕವೊಂದರಿಂದ ಈ ಪದ ಬಳಕೆಗೆ ಬಂತು. ಚೆಕ್ ಭಾಷೆಯಲ್ಲಿ 'ರೊಬೋಟಾ' ಎಂದರೆ ಬಿಟ್ಟಿ ಚಾಕರಿ. ನಿಜವಾದ ಯಂತ್ರವೊಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತದ್ದು 1961ರಲ್ಲಿ. ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯ 'ಯುನಿಮೇಟ್' ಎಂಬ ಯಂತ್ರದ ತೋಳು, ಕೈ ಸುಡುವ ಎರಕದ ಭಾಗಗಳನ್ನು ಎತ್ತಿಡುತ್ತಿತ್ತು.

ರೋಬೋಟ್‌ಗೆ ಮನುಷ್ಯನ ರೂಪ ಇರಲೇಬೇಕೆಂದಿಲ್ಲ. ಅದಕ್ಕೆ ಬೇಕಾದದ್ದು ಮೂರು ಅಂಗ: ನೋಡುವ ಕಣ್ಣು, ತೀರ್ಮಾನಿಸುವ ಬುದ್ಧಿ, ಕೆಲಸ ಮಾಡುವ ಕೈ. ನಮ್ಮ ಪಲ್ಪರ್‌ಗೆ ಕೈ ಮಾತ್ರ ಇದೆ. ಹಣ್ಣು ಹಾಕಿದರೂ ಅರೆಯುತ್ತದೆ, ಕಲ್ಲು ಹಾಕಿದರೂ ಅರೆಯಲು ಹೋಗಿ ಹಾಳಾಗುತ್ತದೆ. ಆದ್ದರಿಂದ ಅದು ಯಂತ್ರ, ರೋಬೋಟ್ ಅಲ್ಲ.

ನಮ್ಮ ಕಾಫಿಯನ್ನು ಆರಿಸುವ ಕಣ್ಣು

ಈ ಮೂರು ಅಂಗಗಳನ್ನು ನೋಡಲು ದೂರ ಹೋಗಬೇಕಿಲ್ಲ. ನಮ್ಮ ಕಾಫಿ ಹೋಗಿ ಸೇರುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬಣ್ಣ ನೋಡಿ ಬೇಳೆ ಬೇರ್ಪಡಿಸುವ 'ಕಲರ್ ಸಾರ್ಟರ್' ಯಂತ್ರವಿರುತ್ತದೆ. ಸಿಪ್ಪೆ ತೆಗೆದ ಬೇಳೆ ಇಳಿಜಾರು ಕಾಲುವೆಗಳಲ್ಲಿ ಸಾಲಾಗಿ ಜಾರಿ ಕೆಳಗೆ ಬೀಳುತ್ತದೆ. ಬೀಳುವಾಗಲೇ ಕ್ಯಾಮೆರಾ ಅದನ್ನು ನೋಡುತ್ತದೆ. ಕಪ್ಪು ಬೇಳೆ ಕಂಡರೆ, ಕಣ್ಣು ಮಿಟುಕಿಸುವುದರೊಳಗೆ ಸಣ್ಣ ಕೊಳವೆಯಿಂದ ಗಾಳಿ ಚಿಮ್ಮಿ ಆ ಒಂದೇ ಬೇಳೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಂದೆ ಇದೇ ಕೆಲಸವನ್ನು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕೈಯಿಂದ ಆರಿಸಿ ಮಾಡುತ್ತಿದ್ದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬೇಳೆ ಯಂತ್ರದ ಮುಂದೆ ಒಂದೇ ದಾರಿಯಲ್ಲಿ, ಒಂದೇ ಬೆಳಕಿನಲ್ಲಿ, ಒಂದರ ಹಿಂದೆ ಒಂದಾಗಿ ಬರುತ್ತದೆ. ಕೆಲಸವೇ ಸಾಲಾಗಿ ಬಂದು ಎದುರು ನಿಂತಾಗ ರೋಬೋಟ್ ಗೆಲ್ಲುತ್ತದೆ.

ಬೇರೆ ಕ್ಷೇತ್ರಗಳಲ್ಲಿ

ವೈದ್ಯಕೀಯದಲ್ಲಿ 'ಡಾ ವಿಂಚಿ' ಎಂಬ ಶಸ್ತ್ರಚಿಕಿತ್ಸಾ ಯಂತ್ರಕ್ಕೆ ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ದೊರೆಯಿತು. ಅದು ತಾನಾಗಿ ಕತ್ತರಿ ಆಡಿಸುವುದಿಲ್ಲ. ವೈದ್ಯರು ಪಕ್ಕದಲ್ಲಿ ಕುಳಿತು ನಡೆಸುತ್ತಾರೆ. ಕೇರಳದಲ್ಲಿ 2018ರಲ್ಲಿ ಬಂದ 'ಬ್ಯಾಂಡಿಕೂಟ್' ಎಂಬ ಯಂತ್ರವು ಒಳಚರಂಡಿ ಗುಂಡಿಗೆ ಮನುಷ್ಯ ಇಳಿಯುವುದನ್ನು ತಪ್ಪಿಸಲೆಂದು ಹುಟ್ಟಿದ್ದು.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಹೊರಬಂದ 'ಪ್ರಜ್ಞಾನ್' 26 ಕಿಲೋ ತೂಕದ, ಆರು ಚಕ್ರದ ಗಾಡಿ. ನಾಲ್ಕು ದಿನ ಕಳೆದ ಮೇಲೆ ಅದರ ಎದುರು, 3 ಮೀಟರ್ ದೂರದಲ್ಲಿ, 4 ಮೀಟರ್ ಅಗಲದ ಗುಂಡಿಯೊಂದು ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ವಿಜ್ಞಾನಿಗಳು ಆಜ್ಞೆ ಕಳುಹಿಸಬೇಕಾಯಿತು. ಚಂದ್ರನ ಮೇಲಿನ ಒಂದು ಗುಂಡಿಗೆ ಇಷ್ಟು ಎಚ್ಚರ ಬೇಕಾದರೆ, ತೊಟ್ಟಿಲು ಗುಂಡಿ, ಕಪ್ಪು, ಬೇರು, ದರಗುಗಳಿಂದ ತುಂಬಿದ ನಮ್ಮ ಕಾಫಿ ಇಳಿಜಾರಿನಲ್ಲಿ ಯಂತ್ರ ನಡೆಯುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಕಾಫಿ ಕೊಯ್ಲು

ಬ್ರೆಜಿಲಿನ ಜಾಕ್ಟೋ ಕಂಪನಿ 1979ರಲ್ಲೇ ಕಾಫಿ ಕೊಯ್ಯುವ ಯಂತ್ರ ತಂದಿತು. ಗಿಡಗಳ ಸಾಲನ್ನು ನಡುವೆ ಬಿಟ್ಟುಕೊಂಡು ಸಾಗುವ ಆ ಯಂತ್ರ, ಕಡ್ಡಿಗಳಿಂದ ರೆಕ್ಕೆಗಳನ್ನು ಅದುರಿಸಿ ಹಣ್ಣು ಉದುರಿಸುತ್ತದೆ. ಅಲ್ಲಿ ನೆಲ ಸಮತಟ್ಟು, ಸಾಲು ನೇರ, ನೆರಳುಮರವಿಲ್ಲ. ನಮ್ಮಲ್ಲಿ ಗುಡ್ಡದ ಓರೆ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಂದೇ ರೆಕ್ಕೆಯಲ್ಲಿ ಹಣ್ಣೂ ಇರುತ್ತದೆ, ಕಾಯಿಯೂ ಇರುತ್ತದೆ. ಹಣ್ಣನ್ನಷ್ಟೇ ಆರಿಸಿ ಕೊಯ್ಯಲು ಇಂದಿಗೂ ನುರಿತ ಕೈಯೇ ಬೇಕು. ಇದಕ್ಕಾಗಿ ನೆರಳು ಕಡಿದು ತೋಟವನ್ನು ಯಂತ್ರಕ್ಕೆ ಒಗ್ಗಿಸಲು ಹೊರಟರೆ ಮಣ್ಣನ್ನೂ ತೇವವನ್ನೂ ಕಳೆದುಕೊಳ್ಳುತ್ತೇವೆ.

ಅಡಿಕೆ ಮರ

ಬಂಟ್ವಾಳ ತಾಲ್ಲೂಕು ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಮರ ಹತ್ತುವ 'ಬೈಕ್' 2019ರಲ್ಲಿ ದೇಶದ ಗಮನ ಸೆಳೆಯಿತು. ಸಣ್ಣ ಎಂಜಿನ್, ಕೂರಲು ಆಸನ, ಮರವನ್ನು ಹಿಡಿಯುವ ಚಕ್ರ ಅದಕ್ಕಿವೆ. ಹತ್ತುವ ಶ್ರಮ ಉಳಿಯುತ್ತದೆ. ಆದರೆ ಮನುಷ್ಯ ಮೇಲೆ ಹೋಗಲೇಬೇಕು.

ಅಮೃತ ವಿಶ್ವವಿದ್ಯಾಪೀಠದವರು 2020ರ ಸುಮಾರಿಗೆ ವಿವರ ಪ್ರಕಟಿಸಿದ 'ಅಮರನ್' ಎಂಬ ರೋಬೋಟ್ ತೆಂಗಿನ ಮರಕ್ಕಾಗಿ ಮಾಡಿದ್ದು. ಬಳೆಯಂತೆ ಕಾಂಡವನ್ನು ಸುತ್ತುವರಿದು, ಎಂಟು ಚಕ್ರಗಳ ಮೇಲೆ ಹತ್ತಿ, ತೋಳಿನಿಂದ ಗೊನೆ ಕತ್ತರಿಸುತ್ತದೆ. ನಡೆಸುವವನು ನೆಲದ ಮೇಲೇ ಇರುತ್ತಾನೆ. ಅಡಿಕೆ ಮರವೋ ಸಪೂರ, ಗಾಳಿಗೆ ಬಳುಕುವಂಥದ್ದು. ಭಾರದ ಯಂತ್ರವನ್ನು ಹಾಗೆಯೇ ತಂದು ಕಟ್ಟಲಾಗದು.

ಡ್ರೋನ್ ಬಗ್ಗೆಯೂ ಎರಡು ಮಾತು. ಕೊಳೆರೋಗಕ್ಕೆ ನಾವು ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಗೊನೆಯ ಕಾಯಿಗಳೆಲ್ಲ ತೊಯ್ಯುವಂತೆ ಬೀಳಬೇಕು. ಔಷಧಿ ಸಿಂಪಡಿಸುವ ಡ್ರೋನ್ ಸಾಮಾನ್ಯವಾಗಿ ಹೊರುವುದು 10 ಲೀಟರ್ ಮಾತ್ರ, ಅದನ್ನೂ ಮೇಲಿನಿಂದ ಹನಿಸುತ್ತದೆ. ಗೊನೆ ಇರುವುದು ಸೋಗೆಯ ಕೆಳಗೆ. ಆದ್ದರಿಂದ ಡ್ರೋನ್ ತರಿಸುವವರು ಮೊದಲು ನಾಲ್ಕು ಮರಕ್ಕೆ ಹೊಡೆಸಿ, ಗೊನೆಯ ಒಳಗಿನ ಕಾಯಿಗೆ ಔಷಧಿ ಮುಟ್ಟಿದೆಯೇ ಎಂದು ಕಣ್ಣಾರೆ ನೋಡತಕ್ಕದ್ದು. ಸದ್ಯಕ್ಕೆ ನಮ್ಮ ಸಣ್ಣ ತೋಟಗಳಿಗೆ ಹೊಂದುವ ಸಾಧನ ಕಾರ್ಬನ್ ಫೈಬರ್ ದೋಟಿ. ಅದಕ್ಕೆ ಕಣ್ಣೂ ಇಲ್ಲ, ಬುದ್ಧಿಯೂ ಇಲ್ಲ, ಅವೆರಡೂ ಹಿಡಿದವನವು. ಆದರೂ ಗೊನೆ ಇಳಿಸುವುದಕ್ಕೂ ಔಷಧಿಗೂ ಮನುಷ್ಯನ ಕಾಲನ್ನು ನೆಲದ ಮೇಲೇ ಉಳಿಸುತ್ತದೆ. ವಿದ್ಯುತ್ ತಂತಿಯ ಬಳಿ ಮಾತ್ರ ಅದನ್ನು ಎತ್ತಲೇಬಾರದು. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ.

ನಾವು ಮಾಡಬೇಕಾದದ್ದು

ಎರಡು ಮೂರು ಎಕರೆಯವರು ಒಬ್ಬೊಬ್ಬರೇ ಸಾಲ ಮಾಡಿ ಯಂತ್ರ ಕೊಂಡರೆ, ವರ್ಷದಲ್ಲಿ ಕೆಲವೇ ದಿನ ದುಡಿದು ಉಳಿದ ದಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಹತ್ತು ಮನೆಯವರು ಸೇರಿ, ಅಥವಾ ಸಂಘದ ಮೂಲಕ, ಬಾಡಿಗೆಗೆ ತರುವುದೇ ಮೇಲು. ನಡೆಸುವ ತರಬೇತಿ ಮೊದಲು ಸಿಗಬೇಕಾದದ್ದು ಇಷ್ಟು ವರ್ಷ ನಮ್ಮ ಮರ ಹತ್ತಿದವರಿಗೆ. ಯಾವ ಗೊನೆ ಬಲಿತಿದೆ ಎಂದು ಬುಡದಲ್ಲಿ ನಿಂತೇ ಹೇಳಬಲ್ಲ ಕಣ್ಣು ಅವರದು. ಯಂತ್ರ ಬಂದ ದಿನ ಅವರನ್ನು ಬಿಟ್ಟುಬಿಟ್ಟರೆ ನಷ್ಟ ನಮ್ಮದೇ.

ನೆನಪಿಡಬೇಕಾದ ಅಂಶಗಳು

1. ಯಂತ್ರಕ್ಕೆ ಕಣ್ಣು, ಬುದ್ಧಿ, ಕೈ ಈ ಮೂರರಲ್ಲಿ ಯಾವುದಿದೆ ಎಂದು ಮಾರುವವರನ್ನು ಕೇಳಿರಿ.
2. ಪ್ರದರ್ಶನದ ಮೈದಾನದಲ್ಲಿ ನೋಡಿ ಒಪ್ಪಬೇಡಿ. ನಿಮ್ಮ ಓರೆಯಲ್ಲಿ, ನಿಮ್ಮ ಮರದ ಮೇಲೆ ನಡೆಸಿ ತೋರಿಸಲಿ.
3. ಕೆಟ್ಟರೆ ರಿಪೇರಿ ಎಲ್ಲಿ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.
4. ಜೀವಕ್ಕೆ ಅಪಾಯವಿರುವ ಕೆಲಸಕ್ಕೆ ಮೊದಲು ಯಂತ್ರ, ಉಳಿದದ್ದು ಆಮೇಲೆ.