ಹೇಮಗಿರಿ ಅಣೆಯಿಂದ ಮನೆಯ ಮೀಟರ್‌ವರೆಗೆ: ನವೀಕರಿಸಬಹುದಾದ ಇಂಧನ ಮತ್ತು ವಿದ್ಯುತ್ ಉಳಿತಾಯದ ಮುಖ್ಯಾಂಶಗಳು

ಎಸ್ಸೆಸ್ಸೆಲ್ಸಿಯಿಂದ ಕೆಎಎಸ್‌ವರೆಗೆ ಯಾವ ಪರೀಕ್ಷೆಗೆ ಕೂತರೂ ಇಂಧನದ ಮೇಲೆ ಒಂದೆರಡು ಪ್ರಶ್ನೆ ತಪ್ಪುವುದಿಲ್ಲ. ಮಂಡ್ಯ ಸೀಮೆಯ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಪಾಠದ ಬಹುಪಾಲು ನಮ್ಮ ಹೊಳೆ, ಗದ್ದೆ, ಆಲೆಮನೆಗಳಲ್ಲೇ ಇದೆ.

ಹೊಳೆಯ ದಾರಿ. ಮೂಡಿಗೆರೆ ಕಡೆಯ ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಜಲಾಶಯವಿದೆ. ಅಲ್ಲಿಂದ ಕೆ.ಆರ್.ಪೇಟೆ ತಾಲ್ಲೂಕಿಗೆ ಬರುವ ಹೊಳೆಗೆ ಮಂದಗೆರೆ, ಹೇಮಗಿರಿಗಳಲ್ಲಿ ಹಳೆಯ ಅಣೆಗಳಿದ್ದು, ನಾಲೆಗಳಿಗೆ ನೀರು ತಿರುಗುವುದು ಇಲ್ಲೇ. ಉಳಿದದ್ದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹೇಮಗಿರಿ ದಾಟಿದ ಹನಿಯೇ ಮುಂದೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ಜಲವಿದ್ಯುತ್ ಕೇಂದ್ರದಲ್ಲಿ ಚಕ್ರ ತಿರುಗಿಸುತ್ತದೆ.

ಶಿವನಸಮುದ್ರ. ಕಾಲಾನುಕ್ರಮವನ್ನು ಸರಿಯಾಗಿ ಇಟ್ಟುಕೊಳ್ಳಿ.
- 1902ರ ಜೂನ್ 30: ಕೋಲಾರದ ಚಿನ್ನದ ಗಣಿಗೆ ವಿದ್ಯುತ್. ಸುಮಾರು 147 ಕಿ.ಮೀ. ಉದ್ದದ ಆ ತಂತಿ ಮಾರ್ಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದು.
- 1905ರ ಆಗಸ್ಟ್ 5: ಬೆಂಗಳೂರಿಗೆ ವಿದ್ಯುತ್ ದೀಪ.
- 1940: ಪಕ್ಕದಲ್ಲೇ ಶಿಂಷಾ ಕೇಂದ್ರ.

ಯೋಜನೆಯ ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ತಾವು ಕಂಡ ಕನಸು ಬೆಳಕಾದದ್ದನ್ನು ಅವರು ನೋಡಲಿಲ್ಲ. ಇನ್ನೊಂದು ಎಚ್ಚರಿಕೆ: ‘ಭಾರತದ ಮೊದಲ ಜಲವಿದ್ಯುತ್ ಕೇಂದ್ರ’ ಎಂದು ಕೇಳಿದರೆ ಉತ್ತರ ಶಿವನಸಮುದ್ರವಲ್ಲ, 1897ರಲ್ಲಿ ಡಾರ್ಜಿಲಿಂಗ್ ಬಳಿ ಆರಂಭವಾದ ಸಿದ್ರಾಪಾಂಗ್. ಅದು ಪುಟ್ಟ ಕೇಂದ್ರ. ದೊಡ್ಡ ಪ್ರಮಾಣದಲ್ಲಿ ತಯಾರಿಸಿ ದೂರಕ್ಕೆ ಸಾಗಿಸಿದ ಹಿರಿಮೆ ನಮ್ಮದು.

ಕನ್ನಂಬಾಡಿ (ಕೆಆರ್‌ಎಸ್) ಕಟ್ಟಿದ್ದೇಕೆ? ‘ನೀರಾವರಿಗೆ’ ಎಂದಷ್ಟೇ ಬರೆದರೆ ಅರ್ಧ ಅಂಕ. ಬೇಸಿಗೆಯಲ್ಲಿ ಹೊಳೆ ಬತ್ತಿದರೂ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಬೇಕೆಂಬುದೂ ಮುಖ್ಯ ಕಾರಣವಾಗಿತ್ತು. ಕಾಮಗಾರಿ ಆರಂಭ 1911. ಗರಿಷ್ಠ ಮಟ್ಟ 124.80 ಅಡಿ.

ಎತ್ತರವೇ ಶಕ್ತಿ. ಸೆಕೆಂಡಿಗೆ 1 ಘನ ಮೀಟರ್ ನೀರು 1 ಮೀಟರ್ ಇಳಿದರೆ ಹೆಚ್ಚೆಂದರೆ 9.8 ಕಿಲೋವ್ಯಾಟ್. ಒಂದು ತಗ್ಗು ಅಣೆಯಲ್ಲಿ 10 ಘನ ಮೀಟರ್ ನೀರು 4 ಮೀಟರ್ ಇಳಿಯುತ್ತದೆ ಎಂದುಕೊಳ್ಳಿ, 392 ಕಿಲೋವ್ಯಾಟ್. ಅಷ್ಟೇ ನೀರು 120 ಮೀಟರ್ ಇಳಿದರೆ 11,760. ಹೇಮಗಿರಿಯಂಥ ಅಣೆ ಮುಖ್ಯವಾಗಿ ಗದ್ದೆಗೆ ನೀರು ಕೊಟ್ಟಿದ್ದೂ ಶಿವನಸಮುದ್ರ ಊರೂರಿಗೆ ದೀಪ ಕೊಟ್ಟಿದ್ದೂ ಏಕೆಂದು ಈ ಒಂದು ಲೆಕ್ಕ ಹೇಳುತ್ತದೆ. ಭಾರತದಲ್ಲಿ 25 ಮೆಗಾವ್ಯಾಟ್‌ವರೆಗಿನದು ‘ಕಿರು ಜಲವಿದ್ಯುತ್’.

ಇದೇ ಲೆಕ್ಕ ತಿರುಗುಮುರುಗಾದರೆ? ನಾಗಮಂಗಲದ ಬೆದ್ದಲು ಕಡೆಗೆ ಬನ್ನಿ. ಅಲ್ಲಿ ನೀರು ಇಳಿಯುವುದಿಲ್ಲ, ಕೊಳವೆಬಾವಿಯಿಂದ ಎತ್ತಬೇಕು. 1,000 ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಕನಿಷ್ಠ 0.27 ಯೂನಿಟ್ ಬೇಕು. ಮೋಟಾರು, ಪೈಪಿನಲ್ಲಿ ಆಗುವ ನಷ್ಟ ಸೇರಿದರೆ ಇದರ ದುಪ್ಪಟ್ಟನ್ನೂ ಮೀರುತ್ತದೆ. 5 ಎಚ್‌ಪಿ ಮೋಟಾರು ಗಂಟೆಗೆ ಸುಮಾರು 3.7 ಯೂನಿಟ್ ಎಳೆಯುತ್ತದೆ. ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ 7 ಗಂಟೆಗೆ 26 ಯೂನಿಟ್. ಗದ್ದೆ ತುಂಬಿ ಬದು ಒಡೆದು ಹರಿದರೂ ಅದು ಓಡುತ್ತಲೇ ಇರುತ್ತದೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲ ನಿಜ. ಆದರೆ ಆ ಹಣ ಸರ್ಕಾರದ ಸಹಾಯಧನದಿಂದ, ಅಂದರೆ ನಮ್ಮೆಲ್ಲರ ತೆರಿಗೆಯಿಂದ ಹೋಗುತ್ತದೆ, ಅಂತರ್ಜಲವೂ ಇಳಿಯುತ್ತದೆ. ಹನಿ ನೀರಾವರಿ ನೀರಿನ ಜೊತೆಗೆ ಕರೆಂಟನ್ನೂ ಉಳಿಸುತ್ತದೆ ಎಂಬ ಅಂಶವನ್ನು ಉತ್ತರದಲ್ಲಿ ಖಂಡಿತ ಸೇರಿಸಿ. ಬಹಳ ಜನ ಬಿಡುವುದು ಇದನ್ನೇ.

ಕೇಂದ್ರದ ಪಿಎಂ-ಕುಸುಮ್ ಯೋಜನೆ (2019). ‘ಬಿ’ ಘಟಕದಲ್ಲಿ ರೈತರ ಜಮೀನಿಗೆ ಸೌರ ಪಂಪ್‌ಸೆಟ್, ‘ಸಿ’ ಘಟಕದಲ್ಲಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್. ಸೌರ ಪಂಪಿನ ದೊಡ್ಡ ಲಾಭ, ಹಗಲು ಹೊತ್ತಿನಲ್ಲಿ ನೀರು ಹಾಯಿಸಬಹುದು. ರಾತ್ರಿ ತ್ರೀ ಫೇಸ್ ಬರುವುದನ್ನು ಕಾದು, ಹಾವು ಚೇಳುಗಳ ನಡುವೆ ಗದ್ದೆಗೆ ನಡೆಯುವವರಿಗೆ ಇದರ ಬೆಲೆ ಗೊತ್ತು.

ಕಬ್ಬು ಕೂಡ ಇಂಧನವೇ. ಆಲೆಮನೆಯಲ್ಲಿ ಒಣಗಿದ ರಚ್ಚನ್ನೇ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಒಲೆಗೆ ಹಾಕಿ ಕೊಪ್ಪರಿಗೆ ಕಾಯಿಸುವುದು ತಲೆಮಾರುಗಳ ರೂಢಿ. ಸಕ್ಕರೆ ಕಾರ್ಖಾನೆಗಳು ಅದೇ ಸಿಪ್ಪೆಯಿಂದ ಹಬೆ ಮಾಡಿ ವಿದ್ಯುತ್ತನ್ನೂ ತೆಗೆಯುತ್ತವೆ. ಇದಕ್ಕೆ ಸಹ-ವಿದ್ಯುತ್ ಉತ್ಪಾದನೆ ಎಂದು ಹೆಸರು. ಮಳವಳ್ಳಿ ತಾಲ್ಲೂಕಿನಲ್ಲಿ ಕಬ್ಬಿನ ತರಗಿನಂಥ ಬೆಳೆ ಉಳಿಕೆ ಬಳಸುವ 4.5 ಮೆಗಾವ್ಯಾಟ್‌ನ ಘಟಕವನ್ನು 2001ರಲ್ಲೇ ಆರಂಭಿಸಲಾಯಿತು. ಗದ್ದೆಯಲ್ಲಿ ತರಗಿಗೆ ಬೆಂಕಿ ಇಡುವುದು ನೆಲಕ್ಕೂ ನಷ್ಟ, ಇಂಧನಕ್ಕೂ ನಷ್ಟ.

ಬಿಸಿಲು. ಪಾವಗಡ ಸೌರ ಪಾರ್ಕ್: ತುಮಕೂರು ಜಿಲ್ಲೆ, 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಜಮೀನು ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಮನೆಯ ಚಾವಣಿಗೆ ಪಿಎಂ ಸೂರ್ಯಘರ್ (2024): 1 ಕಿಲೋವ್ಯಾಟ್‌ಗೆ 30,000 ರೂ., 2ಕ್ಕೆ 60,000, 3 ಮತ್ತು ಮೇಲ್ಪಟ್ಟು 78,000 ರೂ. ಸಹಾಯಧನ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ.

ಒಂದೇ ಸಾಲಿನವು.
- ಇಂಧನ ಸಂರಕ್ಷಣಾ ಕಾಯ್ದೆ: 2001. ಸಂರಕ್ಷಣಾ ದಿನ: ಡಿಸೆಂಬರ್ 14. ಅಕ್ಷಯ ಊರ್ಜಾ ದಿನ: ಆಗಸ್ಟ್ 20.
- ಸ್ಟಾರ್ ಗುರುತು ನೀಡುವುದು ಇಂಧನ ದಕ್ಷತಾ ಬ್ಯೂರೋ (ಸ್ಥಾಪನೆ 2002).
- ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ: ಕ್ರೆಡಲ್.
- ಮಂಡ್ಯ, ಮೈಸೂರು, ಚಾಮರಾಜನಗರ, ಹಾಸನ, ಕೊಡಗಿಗೆ ವಿದ್ಯುತ್ ಸರಬರಾಜು: ಸೆಸ್ಕ್, ಕೇಂದ್ರ ಕಚೇರಿ ಮೈಸೂರು.
- ಗೃಹಜ್ಯೋತಿ (ಮನೆಗೆ ಉಚಿತ ವಿದ್ಯುತ್): 2023ರ ಜುಲೈನಿಂದ. ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು.

ಮನೆಯ ಲೆಕ್ಕ. 1 ಯೂನಿಟ್ ಎಂದರೆ 1,000 ವ್ಯಾಟ್‌ನ ಸಾಧನ 1 ಗಂಟೆ ನಡೆದದ್ದು. ಕಿಲೋವ್ಯಾಟ್ ಬಳಕೆಯ ವೇಗದ ಅಳತೆ, ಯೂನಿಟ್ ಒಟ್ಟು ಬಳಕೆಯ ಅಳತೆ. ಇವೆರಡನ್ನು ಕಲಸಿದರೆ ಅಂಕ ಹೋಯಿತು. ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟ್ ಬಲ್ಬಿಗೆ ತಿಂಗಳಿಗೆ 9 ಯೂನಿಟ್, 9 ವ್ಯಾಟ್ ಎಲ್‌ಇಡಿಗೆ 1.35. ದಿನಕ್ಕೆ 10 ಗಂಟೆ ತಿರುಗುವ 75 ವ್ಯಾಟ್ ಫ್ಯಾನಿಗೆ 22.5, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ 9. ಗೀಸರ್ (2,000 ವ್ಯಾಟ್) ಅರ್ಧ ಗಂಟೆಗೇ 1 ಯೂನಿಟ್ ನುಂಗುತ್ತದೆ.

ಇನ್ನು ಮೀಟರ್. ಅದರ ಮುಖದ ಮೇಲೆ ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ, ಹಲವು ಮೀಟರ್‌ಗಳಲ್ಲಿ ಪಕ್ಕದಲ್ಲೇ 3200 ಎಂದು ಅಚ್ಚಾಗಿರುತ್ತದೆ. 3,200 ಸಲ ಮಿನುಗಿದರೆ 1 ಯೂನಿಟ್. ರಾತ್ರಿ ದೀಪ, ಫ್ಯಾನ್, ಟಿವಿ ಎಲ್ಲ ಎಂದಿನಂತೆ ಆರಿಸಿ, ಫ್ರಿಜ್ ಪ್ಲಗ್ಗನ್ನೂ ಐದು ನಿಮಿಷ ತೆಗೆದು ನೋಡಿ. ಆಗಲೂ ಸುಮಾರು 112 ಸೆಕೆಂಡಿಗೊಮ್ಮೆ ದೀಪ ಮಿನುಗಿದರೆ ಎಲ್ಲೋ 10 ವ್ಯಾಟ್ ಸೋರುತ್ತಿದೆ. ರಿಮೋಟ್‌ನಲ್ಲಿ ಮಾತ್ರ ಆರಿಸಿದ ಟಿವಿ, ಅದರ ಸೆಟ್‌ಟಾಪ್ ಬಾಕ್ಸ್ ಇರಬಹುದು. ಹೀಗೆ ಹಗಲೂ ರಾತ್ರಿ ಸೋರಿದರೆ ತಿಂಗಳಿಗೆ 7.2 ಯೂನಿಟ್.

ಪರೀಕ್ಷೆಗೆ ಇನ್ನೂ ದಿನಗಳಿದ್ದರೆ ಇವತ್ತೇ ಇದನ್ನು ಮಾಡಿ ನೋಡಿ, ಅಪ್ಪ ಅಮ್ಮನಿಗೂ ಆ ಕೆಂಪು ದೀಪ ತೋರಿಸಿ.